ಹೊಡೆತಕ್ಕೊಂದು ಲೆಕ್ಕ: ಗಾಲ್ಫ್ ಆಟಗಾರನೂ ಅವನ ಅಳತೆಯ ಉಪಕರಣಗಳೂ

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿರುವ ಅಸೂಟಿಯಂಥ ಊರುಗಳಲ್ಲಿ, ಸುಗ್ಗಿ ಮುಗಿದು ಎರೆಯ ಹೊಲಗಳು ಬರಿದಾದ ಮೇಲೆ, ಚಿಣಿಪಣಿ ಎಂದೂ ಚಿನ್ನಿದಾಂಡು ಎಂದೂ ಹೆಸರಾದ ಆಟವನ್ನು ಆಡದೆ ಬೆಳೆದ ಹಿರಿಯರು ವಿರಳ. ಆ ಆಟದಲ್ಲಿ ಒಂದು ಸ್ವಾರಸ್ಯವಾದ ಕಟ್ಟಳೆಯುಂಟು. ಚಿನ್ನಿಯನ್ನು ಹೊಡೆದು ಹಾರಿಸಿದವನು ಅದು ಬಿದ್ದೆಡೆಯನ್ನು ದೂರದಿಂದಲೇ ನೋಡಿ, ಇಷ್ಟು ದಾಂಡು ದೂರ ಹೋಯಿತೆಂದು ಸಾರುತ್ತಾನೆ. ಎದುರಾಳಿಗಳು ಒಪ್ಪಿದರೆ ಅಷ್ಟು ಅಂಕ ಅವನದು. ಒಪ್ಪದಿದ್ದರೆ, ಹೊಡೆದ ಆ ದಾಂಡಿನಿಂದಲೇ ನೆಲವನ್ನು ಅಳೆಯಬೇಕು. ಅಳತೆ ಅವನ ಮಾತಿಗಿಂತ ಕಡಿಮೆ ಬಂದರೆ ಅಂಕವೂ ಹೋಯಿತು, ಸರದಿಯೂ ಹೋಯಿತು!

ಆಟಗಾರನ ಅಂದಾಜು ಒಂದು, ಅಳತೆ ಇನ್ನೊಂದು. ಇವೆರಡರ ನಡುವಣ ಅಂತರವೇ ಜಗಳದ ಮೂಲ ಎಂಬುದನ್ನು ನಮ್ಮ ಹಳ್ಳಿಯ ಹುಡುಗರು ಹೀಗೆ ಬಹು ಹಿಂದೆಯೇ ಕಂಡುಕೊಂಡಿದ್ದರು. ಇದೇ ಅಂತರವನ್ನು ತುಂಬಲೆಂದು ಇಂದು ಗಾಲ್ಫ್ ಆಟಗಾರರ ಮುಂದೆ ಹತ್ತಾರು ಬಗೆಯ ಉಪಕರಣಗಳು ಬಂದು ನಿಂತಿವೆ. ಕೈಗಡಿಯಾರ, ಲೇಸರ್ ದೂರಮಾಪಕ, ದಾಂಡಿನ ಹಿಡಿಗೆ ಸಿಕ್ಕಿಸುವ ಗುಂಡಿ, ಪುಟ್ಟ ರೇಡಾರ್ ಪೆಟ್ಟಿಗೆ, ಇವೆಲ್ಲವನ್ನೂ ಕೂಡಿಸಿ ಲೆಕ್ಕ ಇಡುವ ಮೊಬೈಲ್ ಆ್ಯಪ್ — ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು? ಬೆಲೆಯಾದರೋ ಕೆಲವು ಸಾವಿರ ರೂಪಾಯಿಗಳಿಂದ ಹಲವು ಲಕ್ಷಗಳವರೆಗೆ ಏರುತ್ತದೆ. ಅಸೂಟಿಯಲ್ಲಿ ಗಾಲ್ಫ್ ಮೈದಾನವಿಲ್ಲ. ಆದರೆ ರೋಣ, ನರಗುಂದ, ಗಜೇಂದ್ರಗಡಗಳ ಕಡೆಯಿಂದ ಓದಿಗೂ ಉದ್ಯೋಗಕ್ಕೂ ಬೆಂಗಳೂರಿಗೆ ಹೋಗುವ ತರುಣರು ಅಲ್ಲಿ ಈ ಆಟಕ್ಕೆ ಮನಸೋತರೆ, ಮೊದಲ ಸಂಬಳದ ಬಹುಭಾಗವನ್ನು ಇಂಥದೊಂದು ಪೆಟ್ಟಿಗೆಗೆ ಸುರಿಯುವ ಪ್ರಸಂಗ ಒದಗಬಹುದು. ಆದುದರಿಂದ ಈ ಉಪಕರಣಗಳು ಹೇಗೆ ಕೆಲಸ ಮಾಡುತ್ತವೆ, ಎಷ್ಟರಮಟ್ಟಿಗೆ ನಂಬತಕ್ಕವು, ಅವುಗಳನ್ನು ಆರಿಸುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ಇಲ್ಲಿ ಕಾಣುವ ತತ್ತ್ವ ಓಟಗಾರನ ಗಡಿಯಾರಕ್ಕೂ ಸೈಕಲ್ ಸವಾರನ ಮಾಪಕಕ್ಕೂ ಒಂದೇ ಸಮನಾಗಿ ಅನ್ವಯಿಸುವುದು.

ಆಟವೂ ಅದರ ಲೆಕ್ಕವೂ

ಗಾಲ್ಫ್ ನಮ್ಮ ನಾಡಿಗೆ ತೀರ ಹೊಸದೇನೂ ಅಲ್ಲ. ಕಲ್ಕತ್ತೆಯಲ್ಲಿ 1829ರಲ್ಲಿಯೇ ಗಾಲ್ಫ್ ಸಂಸ್ಥೆಯೊಂದು ಹುಟ್ಟಿತು. ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪಿತವಾದುದು 1876ರಲ್ಲಿ. ಆಟದ ನಿಯಮ ಹೇಳಲು ಸರಳ. ಸುಮಾರು 46 ಗ್ರಾಂ ತೂಕದ, ನಾಲ್ಕೂಕಾಲು ಸೆಂಟಿಮೀಟರಿಗೆ ತುಸು ಮಿಕ್ಕ ಅಡ್ಡಳತೆಯ ಚೆಂಡನ್ನು, ನೂರಾರು ಮೀಟರ್ ದೂರದಲ್ಲಿರುವ 108 ಮಿಲಿಮೀಟರ್ ಅಗಲದ ಕುಳಿಗೆ ಆದಷ್ಟು ಕಡಿಮೆ ಹೊಡೆತಗಳಲ್ಲಿ ಸೇರಿಸಬೇಕು. ಇಂಥ 18 ಕುಳಿಗಳು ಮುಗಿದರೆ ಒಂದು ಸುತ್ತು. ಚೀಲದಲ್ಲಿ 14ಕ್ಕೆ ಮೀರದಂತೆ ಬೇರೆ ಬೇರೆ ದಾಂಡುಗಳನ್ನು ಇಟ್ಟುಕೊಳ್ಳಬಹುದು. ಒಂದೊಂದು ದಾಂಡೂ ಚೆಂಡನ್ನು ಒಂದೊಂದು ದೂರಕ್ಕೆ ಕಳುಹಿಸುತ್ತದೆ. ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸಿಗೆ 'ಗ್ರೀನ್' ಎಂದೂ, ಅದರ ಮೇಲೆ ಚೆಂಡನ್ನು ಮೆಲ್ಲನೆ ಉರುಳಿಸುವ ಹೊಡೆತಕ್ಕೆ 'ಪಟ್' ಎಂದೂ ಹೆಸರು.

ಸುತ್ತು ಮುಗಿದ ಮೇಲೆ ಹವ್ಯಾಸಿ ಆಟಗಾರನ ಕೈಯಲ್ಲಿ ಉಳಿಯುವುದು ಒಂದೇ ಒಂದು ಸಂಖ್ಯೆ. 95 ಹೊಡೆತಗಳಾದುವೆಂದು ಇಟ್ಟುಕೊಳ್ಳೋಣ. ಈ 95ರಲ್ಲಿ ವ್ಯರ್ಥವಾದುವು ಯಾವುವು? ಮೊದಲ ಹೊಡೆತ ಗಿಡಗಂಟಿಗಳಿಗೆ ಹೋದುದರಿಂದಲೋ, ನಡುವಣ ಹೊಡೆತ ಗ್ರೀನಿಗೆ ಮುಟ್ಟದುದರಿಂದಲೋ, ಪಟ್ ತಪ್ಪಿದುದರಿಂದಲೋ? ಸಂಖ್ಯೆ ಇದನ್ನು ಹೇಳದು. ಆಟಗಾರನ ನೆನಪನ್ನು ನಂಬೋಣವೆಂದರೆ, ಅದು ಕೆಟ್ಟ ಹೊಡೆತವೊಂದನ್ನು ದೊಡ್ಡದು ಮಾಡಿ, ಸಾಧಾರಣವಾದ ಹತ್ತು ಹೊಡೆತಗಳನ್ನು ಮರೆಸಿಬಿಡುತ್ತದೆ. ಜ್ವರ ಬಂದಿದೆಯೆಂದು ತಿಳಿದರೂ ಅದರ ಮೂಲ ತಿಳಿಯದ ವೈದ್ಯನಂತೆ ಆಟಗಾರನೂ ಕತ್ತಲಲ್ಲಿ ಔಷಧ ಹುಡುಕಬೇಕಾಗುತ್ತದೆ. ಉಪಕರಣಗಳ ನಿಜವಾದ ಪ್ರಯೋಜನವಿರುವುದು ಇಲ್ಲಿ.

ದೂರವನ್ನು ಅರಿಯುವ ಎರಡು ಬಗೆ

ಮೊದಲ ಪ್ರಶ್ನೆ, ಕುಳಿ ಇನ್ನೆಷ್ಟು ದೂರವಿದೆ ಎಂಬುದು. ಇದಕ್ಕೆ ಉತ್ತರ ಹೇಳುವ ಉಪಕರಣಗಳು ಎರಡು ಬಗೆಯವು.

ಒಂದನೆಯದು ಕೃತಕ ಉಪಗ್ರಹಗಳನ್ನು ನೆಚ್ಚಿಕೊಂಡದ್ದು. ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, "ನಾನು ಇಲ್ಲಿದ್ದೇನೆ, ಈಗ ವೇಳೆ ಇಷ್ಟು" ಎಂಬ ಸಂದೇಶವನ್ನು ರೇಡಿಯೋ ಅಲೆಗಳ ಮೂಲಕ ಸದಾ ಸಾರುತ್ತಿರುತ್ತವೆ. ಅಲೆ ನಮ್ಮನ್ನು ತಲಪಲು ತೆಗೆದುಕೊಂಡ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದ ದೂರ ಸಿಕ್ಕಿತು. ಮೂರು ಉಪಗ್ರಹಗಳ ದೂರ ತಿಳಿದರೆ ನಮ್ಮ ಸ್ಥಾನವನ್ನು ಗೊತ್ತುಪಡಿಸಬಹುದು. ಆದರೆ ಫೋನಿನ ಗಡಿಯಾರ ಉಪಗ್ರಹದ ಪರಮಾಣು ಗಡಿಯಾರದಷ್ಟು ನಿಖರವಲ್ಲದ ಕಾರಣ, ಅದರ ತಪ್ಪನ್ನು ತಿದ್ದಲು ನಾಲ್ಕನೆಯದೂ ಬೇಕು. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ 300 ಮೀಟರ್ ವ್ಯತ್ಯಾಸ ಬರುವುದೆಂದರೆ ಈ ಲೆಕ್ಕದ ಸೂಕ್ಷ್ಮತೆ ಎಷ್ಟೆಂದು ವಾಚಕರು ಊಹಿಸಬಹುದು. ಇಷ್ಟೆಲ್ಲ ಮಾಡಿಯೂ, ಬಯಲಿನಲ್ಲಿ ಸಾಮಾನ್ಯವಾದ ಮೊಬೈಲ್ ಫೋನು ತನ್ನ ಸ್ಥಾನವನ್ನು ಹೇಳಬಲ್ಲುದು ಸುಮಾರು 5 ಮೀಟರ್ ಅಂತರದೊಳಗೆ. ಮರಗಳ ಕೆಳಗೆ, ಕಟ್ಟಡಗಳ ಪಕ್ಕದಲ್ಲಿ, ಅಲೆಗಳು ತಡೆಯಲ್ಪಟ್ಟೋ ಗೋಡೆಗೆ ತಾಗಿ ಪ್ರತಿಫಲಿಸಿಯೋ ಬರುವುದರಿಂದ ತಪ್ಪು ಇನ್ನೂ ಹೆಚ್ಚುವುದು.

ಇದನ್ನು ಪರೀಕ್ಷಿಸಿ ನೋಡಲು ಗಾಲ್ಫ್ ಮೈದಾನ ಬೇಕಿಲ್ಲ. ಮೇರೆ ಕಾಣದ ಅಸೂಟಿಯ ಎರೆಬಯಲಿಗಿಂತ ಒಳ್ಳೆಯ ಪ್ರಯೋಗಶಾಲೆ ಯಾವುದು? ಅಳತೆಯ ಟೇಪು ಹಿಡಿದು ಸರಿಯಾಗಿ 100 ಮೀಟರ್ ದೂರದಲ್ಲಿ ಎರಡು ಕಲ್ಲುಗಳನ್ನಿಡಿ. ಒಂದು ಕಲ್ಲಿನ ಬಳಿ ನಿಂತು ಫೋನಿನಲ್ಲಿ ಸ್ಥಾನವನ್ನು ಗುರುತುಮಾಡಿ, ಇನ್ನೊಂದಕ್ಕೆ ನಡೆದು ಫೋನು ಹೇಳುವ ದೂರವನ್ನು ಬರೆದುಕೊಳ್ಳಿ. ಬೆಳಿಗ್ಗೆ ಐದು ಸಲ, ಸಂಜೆ ಐದು ಸಲ ಹೀಗೆ ಮಾಡಿ. ಹತ್ತು ಉತ್ತರಗಳೂ ಒಂದೇ ಆಗಿರಲಾರವು. ಅವು ಎಷ್ಟು ಹರಡಿಕೊಂಡಿವೆ ಎಂಬುದೇ ನಿಮ್ಮ ಉಪಕರಣದ ನಿಜವಾದ ಗುಣ. ಅಂಗಡಿಯವನ ಮಾತಿಗಿಂತ ಈ ಹತ್ತು ಸಾಲುಗಳು ಹೆಚ್ಚು ನಂಬತಕ್ಕವು. ಅನಂತರ ಅದೇ ಪ್ರಯೋಗವನ್ನು ದಟ್ಟವಾದ ಬೇವಿನ ಮರಗಳ ಕೆಳಗೆ ಮಾಡಿ ಹೋಲಿಸಿ ನೋಡಿ.

ಎರಡನೆಯ ಬಗೆಯದು ಲೇಸರ್ ದೂರಮಾಪಕ. ದುರ್ಬೀನಿನಂತೆ ಕಣ್ಣಿಗೆ ಹಿಡಿದು ಕುಳಿಯಲ್ಲಿ ನೆಟ್ಟ ಬಾವುಟದತ್ತ ಗುರಿಯಿಟ್ಟು ಗುಂಡಿಯನ್ನೊತ್ತಿದರೆ, ಕಣ್ಣಿಗೆ ಕಾಣದ ಅವರಕ್ತ ಬೆಳಕಿನ ಮಿಡಿತವೊಂದು ಹೋಗಿ, ಬಾವುಟಕ್ಕೆ ತಾಗಿ ಹಿಂದಿರುಗುವುದು. ಬಾವುಟ 150 ಮೀಟರ್ ದೂರದಲ್ಲಿದ್ದರೆ ಹೋಗಿಬರುವ ದಾರಿ 300 ಮೀಟರ್. ಬೆಳಕಿಗೆ ಇದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ ಕೆಲಸ. ಒಂದು ಮೀಟರ್ ನಿಖರತೆ ಬೇಕಾದರೆ ಸೆಕೆಂಡಿನ ನೂರು ಕೋಟಿಯಲ್ಲಿ ಏಳು ಭಾಗದಷ್ಟು ಕಾಲವನ್ನು ಅಳೆಯಬೇಕು. ಆಶ್ಚರ್ಯವೆಂದರೆ ಅಂಗೈಯಲ್ಲಿ ಹಿಡಿಯುವ ಪೆಟ್ಟಿಗೆ ಇದನ್ನು ಮಾಡುತ್ತದೆ! ಆದರೆ ಅದಕ್ಕೂ ಒಂದು ದೌರ್ಬಲ್ಯವುಂಟು. ಕೈ ನಡುಗಿದರೆ ಬೆಳಕು ಬಾವುಟವನ್ನು ಬಿಟ್ಟು ಹಿಂದಿನ ಮರಕ್ಕೆ ತಾಗುತ್ತದೆ. ಆಗ ಪೆಟ್ಟಿಗೆ ಮರದ ದೂರವನ್ನು ಅಷ್ಟೇ ಧೈರ್ಯದಿಂದ ಸಾರುತ್ತದೆ.

ಇವೆರಡರಲ್ಲಿ ಯಾವುದು ಉತ್ತಮ? ಉತ್ತರ ನಮ್ಮ ಅಗತ್ಯವನ್ನು ಅವಲಂಬಿಸಿದೆ. ಒಂದು ದಾಂಡಿಗೂ ಅದರ ಮುಂದಿನ ದಾಂಡಿಗೂ ನಡುವೆ ಸಾಮಾನ್ಯವಾಗಿ ಹತ್ತು ಮೀಟರಿನಷ್ಟು ಅಂತರವಿರುತ್ತದೆ. ಯಾವ ದಾಂಡನ್ನು ಎತ್ತಿಕೊಳ್ಳಬೇಕೆಂದು ನಿರ್ಧರಿಸಲು 5 ಮೀಟರ್ ತಪ್ಪಿನ ಉಪಕರಣವೂ ಬಹುಮಟ್ಟಿಗೆ ಸಾಕು. ಆದರೆ ಗ್ರೀನಿನ ಮೇಲೆ ಕುಳಿಗೆ 2 ಮೀಟರ್ ದೂರದಲ್ಲಿರುವ ಚೆಂಡಿನ ದೂರವನ್ನು ಅದೇ ಫೋನಿನಿಂದ ತಿಳಿಯಹೊರಟರೆ, ಚಿನ್ನವನ್ನು ಸೌದೆಯ ತಕ್ಕಡಿಯಲ್ಲಿ ತೂಗಿದಂತಾಯಿತು. ಅಲ್ಲಿ ಹೆಜ್ಜೆಹಾಕಿ ಎಣಿಸುವುದೇ ಉಪಗ್ರಹಕ್ಕಿಂತ ಮೇಲು. ಉಪಕರಣದ ತಪ್ಪು ನಾವು ಅಳೆಯಬೇಕಾದ ಅಂತರಕ್ಕಿಂತ ಬಹಳ ಚಿಕ್ಕದಾಗಿರಬೇಕು ಎಂಬುದು ಆಯ್ಕೆಯ ಮೊದಲ ಸೂತ್ರ.

ಚೆಂಡಿನ ವೇಗವನ್ನು ಹಿಡಿಯುವುದು

ದಾಂಡೂ ಚೆಂಡೂ ಒಂದನ್ನೊಂದು ಮುಟ್ಟಿಕೊಂಡಿರುವ ಕಾಲ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಮಾತ್ರ. ಚೆಂಡಿನ ಭವಿಷ್ಯವೆಲ್ಲ ಅಷ್ಟರಲ್ಲಿ ನಿಶ್ಚಯವಾಗಿಬಿಡುತ್ತದೆ. ಕಣ್ಣಿಗೆ ಎಟುಕದ ಈ ಘಟನೆಯನ್ನು ಹಿಡಿಯುವ ಉಪಕರಣಗಳಲ್ಲಿ ಪ್ರಮುಖವಾದುದು ರೇಡಾರ್.

ಹೊಳೆ-ಆಲೂರಿನ ರೈಲು ನಿಲ್ದಾಣದಲ್ಲಿ ನಿಂತು, ನಿಲ್ಲದೆ ಹಾದುಹೋಗುವ ರೈಲಿನ ಸಿಳ್ಳನ್ನು ಕೇಳಿದವರು ಇದರ ತತ್ತ್ವವನ್ನು ಆಗಲೇ ಅರಿತಿದ್ದಾರೆ. ರೈಲು ಹತ್ತಿರ ಬರುತ್ತಿರುವಾಗ ಸಿಳ್ಳಿನ ಸ್ವರ ಏರಿರುತ್ತದೆ. ದಾಟಿ ದೂರ ಸರಿಯುತ್ತಲೇ ಇಳಿಯುತ್ತದೆ. ಅಲೆಯ ಮೂಲ ನಮ್ಮತ್ತ ಬರುತ್ತಿದ್ದರೆ ಸೆಕೆಂಡಿಗೆ ನಮ್ಮನ್ನು ತಾಕುವ ಅಲೆಗಳ ಸಂಖ್ಯೆ ಹೆಚ್ಚು, ದೂರ ಸರಿಯುತ್ತಿದ್ದರೆ ಕಡಿಮೆ. ಆಸ್ಟ್ರಿಯದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ ಇದನ್ನು 1842ರಲ್ಲಿ ಪ್ರತಿಪಾದಿಸಿದನು. ಮೂರು ವರ್ಷಗಳ ತರುವಾಯ ಹಾಲೆಂಡಿನಲ್ಲಿ, ತುತ್ತೂರಿ ಊದುವವರನ್ನು ರೈಲಿನಲ್ಲಿ ಕೂರಿಸಿ, ಸ್ವರಜ್ಞಾನವುಳ್ಳವರನ್ನು ಹಳಿಯ ಪಕ್ಕದಲ್ಲಿ ನಿಲ್ಲಿಸಿ, ಇದು ನಿಜವೆಂದು ತೋರಿಸಲಾಯಿತು.

ಗಾಲ್ಫಿನ ರೇಡಾರ್ ಪೆಟ್ಟಿಗೆಯೂ ಚೆಂಡಿನತ್ತ ರೇಡಿಯೋ ಅಲೆಗಳನ್ನು ಹಾಯಿಸಿ, ತಾಗಿ ಮರಳಿದ ಅಲೆಯ ಸ್ವರವನ್ನು ಕೇಳುತ್ತದೆ ಎನ್ನಬಹುದು. ಒಂದು ಲೆಕ್ಕ ಮಾಡಿ ನೋಡೋಣ. ಹವ್ಯಾಸಿ ಆಟಗಾರನು ಅತಿ ಉದ್ದನೆಯ ದಾಂಡಿನ ತಲೆಯನ್ನು ಗಂಟೆಗೆ ಸುಮಾರು 150 ಕಿಲೋಮೀಟರ್ ವೇಗದಲ್ಲಿ ಬೀಸುತ್ತಾನೆ. ಹೊಡೆತ ದಾಂಡಿನ ನಟ್ಟನಡುವೆ ತಾಗಿದರೆ ಚೆಂಡು ಅದರ ಒಂದೂವರೆ ಪಟ್ಟು, ಎಂದರೆ ಗಂಟೆಗೆ 225 ಕಿಲೋಮೀಟರ್ ವೇಗದಿಂದ ಚಿಮ್ಮಬಹುದು. ಇದು ಸೆಕೆಂಡಿಗೆ ಅರವತ್ತೆರಡೂವರೆ ಮೀಟರ್. ಪೆಟ್ಟಿಗೆಯ ಅಲೆಗಳು ಸೆಕೆಂಡಿಗೆ 2,400 ಕೋಟಿ ಸಲ ಕಂಪಿಸುತ್ತಿದ್ದರೆ, ಮರಳಿದ ಅಲೆಯ ಕಂಪನಸಂಖ್ಯೆಯಲ್ಲಿ ಬರುವ ವ್ಯತ್ಯಾಸ ಕೇವಲ 10,000. ಕೋಟ್ಯಂತರ ಕಂಪನಗಳಲ್ಲಿ ಈ ಹತ್ತು ಸಾವಿರವನ್ನು ಹುಡುಕುವುದು ಕಡಲಲ್ಲಿ ಹನಿಯನ್ನು ಹುಡುಕಿದಂತೆ ತೋರುತ್ತದೆ. ಆದರೆ ಹೋದ ಅಲೆಯನ್ನೂ ಬಂದ ಅಲೆಯನ್ನೂ ಒಂದರೊಡನೊಂದು ಬೆರಸಿದರೆ, ಸ್ವಲ್ಪ ಶ್ರುತಿ ತಪ್ಪಿದ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದಾಗ ಕೇಳಿಬರುವ ಮಿಡಿತದಂತೆ, ವ್ಯತ್ಯಾಸವಷ್ಟೇ ಎದ್ದು ಕಾಣುತ್ತದೆ. ಆದ್ದರಿಂದ ಚೆಂಡಿನ ವೇಗವನ್ನು ಹೇಳುವುದರಲ್ಲಿ ರೇಡಾರನ್ನು ಚೆನ್ನಾಗಿ ನಂಬಬಹುದು.

ಚೆಂಡಿನ ತಿರುಗುವಿಕೆ ಮತ್ತೊಂದು ಮುಖ್ಯ ಸಂಗತಿ. ಎಡಿನ್‌ಬರೋ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಪೀಟರ್ ಗತ್ರಿ ಟೇಟ್, 1890ರ ದಶಕದಲ್ಲಿ ಗಾಲ್ಫ್ ಚೆಂಡಿನ ಹಾದಿಯನ್ನು ಗಣಿತದಿಂದ ವಿವೇಚಿಸಿ, ಅದು ಹಿಮ್ಮುಖವಾಗಿ ತಿರುಗುತ್ತ ಹೋಗುವುದರಿಂದಲೇ ಗಾಳಿಯ ಆಸರೆ ಪಡೆದು ಹೆಚ್ಚು ಹೊತ್ತು ಮೇಲಿರುವುದೆಂದು ತೋರಿಸಿದನು. ತಿರುಗುವಿಕೆಯನ್ನು ಅಳೆಯಲು ಅವನು ಹೂಡಿದ ಉಪಾಯ ಅತಿ ಸರಳ: ಚೆಂಡಿಗೆ ಉದ್ದನೆಯ ಪಟ್ಟಿಯೊಂದನ್ನು ಕಟ್ಟಿ ಹೊಡೆಸಿ, ಪಟ್ಟಿಯಲ್ಲಿ ಬಿದ್ದ ತಿರುಚುಗಳನ್ನು ಎಣಿಸಿದನು! ಅವನ ಮಗ ಫ್ರೆಡಿ ಟೇಟ್ 1896ರಲ್ಲೂ 1898ರಲ್ಲೂ ಬ್ರಿಟನ್ನಿನ ಹವ್ಯಾಸಿ ಗಾಲ್ಫ್ ಪ್ರಶಸ್ತಿಯನ್ನು ಗೆದ್ದ ಆಟಗಾರ. ಇಂದು ಆ ಪಟ್ಟಿಯ ಕೆಲಸವನ್ನು ರೇಡಾರೂ, ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುವ ಕ್ಯಾಮರಾಗಳೂ ಮಾಡುತ್ತವೆ. ಉದ್ದನೆಯ ಹೊಡೆತದಲ್ಲಿ ಚೆಂಡು ನಿಮಿಷಕ್ಕೆ 2,500ರಿಂದ 3,000 ಸುತ್ತು ತಿರುಗುವುದು ಸಾಮಾನ್ಯ.

ಅಳೆದದ್ದು ಯಾವುದು, ಎಣಿಸಿದ್ದು ಯಾವುದು?

ಇಲ್ಲಿ ಕೊಳ್ಳುವವನು ಎಚ್ಚರದಿಂದಿರಬೇಕು. ಪೆಟ್ಟಿಗೆಯ ಪರದೆಯ ಮೇಲೆ ಹತ್ತು ಹದಿನೈದು ಸಂಖ್ಯೆಗಳು ಒಂದೇ ಗಾತ್ರದ ಅಕ್ಷರಗಳಲ್ಲಿ ಮೂಡುತ್ತವೆ. ಅವೆಲ್ಲವೂ ಅಳೆದವುಗಳಲ್ಲ, ಕೆಲವು ಅಳೆದವು, ಮಿಕ್ಕವು ಅವುಗಳಿಂದ ಎಣಿಸಿ ತೆಗೆದವು. ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್‌ನಂತಹ ಬಹು ಬೆಲೆಯ ಯಂತ್ರ ಬಯಲಿನಲ್ಲಿ ಚೆಂಡನ್ನು ಅದು ಬೀಳುವವರೆಗೂ ಹಿಂಬಾಲಿಸಬಲ್ಲುದು. ಅಗ್ಗದ ಪೆಟ್ಟಿಗೆಗಳು ಮೊದಲ ಕೆಲವು ಮೀಟರುಗಳಷ್ಟು ಚಲನೆಯನ್ನು ಮಾತ್ರ ನೋಡಿ, ಉಳಿದ ಹಾದಿಯನ್ನು ಗಣಿತದಿಂದ ಊಹಿಸುತ್ತವೆ. ಕೋಣೆಯೊಳಗೆ ಬಲೆಗೆ ಹೊಡೆಯುವಾಗಲಂತೂ ಎಲ್ಲ ಉಪಕರಣಗಳ ಗತಿಯೂ ಇದೇ.

ಊಹೆ ಸುಳ್ಳೆಂದು ಇದರ ಅರ್ಥವಲ್ಲ. ಆದರೆ ಅದಕ್ಕೆ ತಿಳಿಯದ ಸಂಗತಿಗಳು ಹಲವು. ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಚೆಂಡನ್ನು ಎಷ್ಟು ಹಿಂದಕ್ಕೆ ತಳ್ಳಬಲ್ಲುದೆಂಬುದು ಕೋಣೆಯಲ್ಲಿರುವ ಪೆಟ್ಟಿಗೆಗೆ ಗೊತ್ತಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳುವಾಗಿರುವುದರಿಂದ ಚೆಂಡು ಮಂಗಳೂರಿನ ಕಡಲತೀರದಲ್ಲಿ ಹೋಗುವುದಕ್ಕಿಂತ ಶೇಕಡಾ ಮೂರರಷ್ಟು ಹೆಚ್ಚು ದೂರ ಹಾರುತ್ತದೆ. 200 ಮೀಟರಿಗೆ ಇದು 6 ಮೀಟರ್. ಆ್ಯಪಿನಲ್ಲಿ ಊರಿನ ಎತ್ತರವನ್ನು ಸರಿಯಾಗಿ ತುಂಬದಿದ್ದರೆ ಉಪಕರಣ ಕೆಡದೆಯೇ ಉತ್ತರ ಕೆಡುತ್ತದೆ. ಇನ್ನು, ಚೆಂಡು ಹೊರಟ ದಿಕ್ಕನ್ನು ಅಳೆಯುವುದರಲ್ಲಿ ಒಂದು ಡಿಗ್ರಿ ತಪ್ಪಾದರೆ 200 ಮೀಟರಿನ ಕೊನೆಯಲ್ಲಿ ಮೂರೂವರೆ ಮೀಟರ್ ಪಕ್ಕಕ್ಕೆ ಸರಿಯುವುದು. ಆದುದರಿಂದ ಕೊಳ್ಳುವ ಮುನ್ನ, "ಇದು ನೇರವಾಗಿ ಅಳೆಯುವ ಸಂಗತಿಗಳು ಯಾವುವು?" ಎಂದು ಕೇಳುವುದು ಎರಡನೆಯ ಸೂತ್ರ.

ಹೊಡೆತದ ಬೆಲೆ

ದೂರ, ವೇಗ ಮೊದಲಾದುವು ಒಂದು ಹೊಡೆತದ ಗುಣವನ್ನು ಹೇಳುತ್ತವೆ. ಆಟದ ಸೋಲುಗೆಲುವುಗಳಲ್ಲಿ ಆ ಹೊಡೆತದ ಪಾಲೆಷ್ಟು? ಇದನ್ನು ತಿಳಿಯುವ ಮಾರ್ಗವನ್ನು ರೂಪಿಸಿದವರು ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ. ಅಲ್ಲಿನ ವೃತ್ತಿ ಆಟಗಾರರ ಲಕ್ಷಾಂತರ ಹೊಡೆತಗಳನ್ನು ಲೇಸರಿನಿಂದ ಅಳೆದಿಟ್ಟ ದಾಖಲೆಗಳು ಅವರಿಗೆ ಆಧಾರವಾದವು; ಪಟ್‌ಗಳ ಮಟ್ಟಿಗೆ ಈ ಲೆಕ್ಕವನ್ನು ಪಿ.ಜಿ.ಎ. ಟೂರ್ 2011ರಲ್ಲಿ ಅಂಗೀಕರಿಸಿತು.

ಮಾರ್ಗವು ಹೀಗಿದೆ. ವೃತ್ತಿ ಆಟಗಾರನು ಕುಳಿಯಿಂದ 10 ಮೀಟರ್ ದೂರದಲ್ಲಿದ್ದರೆ ಚೆಂಡನ್ನು ಒಳಗೆ ಸೇರಿಸಲು ಸರಾಸರಿ 2 ಹೊಡೆತ ಬೇಕು, 2.4 ಮೀಟರಿನಿಂದಾದರೆ ಸರಾಸರಿ ಒಂದೂವರೆ, ಎಂದರೆ ಅರ್ಧದಷ್ಟು ಸಲ ಒಂದೇ ಹೊಡೆತಕ್ಕೆ ಒಳಗೆ ಹೋಗುತ್ತದೆ. ಹುಲ್ಲುಗಾವಲಿನಿಂದ ಸುಮಾರು 91 ಮೀಟರ್ ದೂರವಿದ್ದರೆ ಸರಾಸರಿ 2.8. ಈಗ ಇಬ್ಬರು ಆಟಗಾರರು 91 ಮೀಟರಿನಿಂದ ಹೊಡೆದರೆಂದು ಭಾವಿಸೋಣ. ಮೊದಲನೆಯವನ ಚೆಂಡು 2.4 ಮೀಟರಿನೊಳಗೆ ಬಂದು ನಿಂತಿತು. ಇದ್ದ ಸಾಲ 2.8, ಉಳಿದ ಸಾಲ 1.5, ತೀರಿದುದು 1.3. ವ್ಯಯಿಸಿದುದು ಒಂದೇ ಹೊಡೆತವಾದ್ದರಿಂದ 0.3 ಹೊಡೆತ ಲಾಭ. ಎರಡನೆಯವನ ಚೆಂಡು 10 ಮೀಟರ್ ದೂರ ನಿಂತಿತು, ಅವನಿಗೆ 0.2 ಹೊಡೆತ ನಷ್ಟ. ಆಮೇಲೆ ಇಬ್ಬರೂ ಎರಡೆರಡು ಪಟ್‌ಗಳಲ್ಲಿ ಮುಗಿಸಿದರೆ, ಹಳೆಯ ರೀತಿಯ ಅಂಕಪಟ್ಟಿಯಲ್ಲಿ ಇಬ್ಬರೂ ಸಮಾನರು. ಹೊಸ ಲೆಕ್ಕದಲ್ಲಾದರೋ ಮೊದಲನೆಯವನು ಚೆನ್ನಾಗಿ ಹೊಡೆದು ಪಟ್‌ನಲ್ಲಿ ಅರ್ಧ ಹೊಡೆತ ಕಳೆದುಕೊಂಡವನು; ಎರಡನೆಯವನು ಪಟ್‌ನಲ್ಲಿ ಏನನ್ನೂ ಕಳೆದುಕೊಳ್ಳದವನು. ಮನೆಯ ಜಮಾಖರ್ಚು ಬರೆದಷ್ಟೇ ಸರಳವಾದ ಈ ಲೆಕ್ಕ ರೋಗದ ಮೂಲವನ್ನು ಬೆರಳಿಟ್ಟು ತೋರಿಸುತ್ತದೆ. ಆರ್ಕೋಸ್, ಶಾಟ್ ಸ್ಕೋಪ್ ಮೊದಲಾದುವು ದಾಂಡಿನ ಹಿಡಿಗೆ ಸಿಕ್ಕಿಸುವ ಗುಂಡಿಗಳ ನೆರವಿನಿಂದ, ಯಾವ ದಾಂಡಿನಿಂದ ಎಲ್ಲಿ ಹೊಡೆದಿರೆಂಬುದನ್ನು ದಾಖಲಿಸಿಕೊಂಡು ಮಾಡುವ ಕೆಲಸ ಮುಖ್ಯವಾಗಿ ಇದೇ.

ಬೆಂಗಳೂರಿನ ಅದಿತಿ ಅಶೋಕ್ ಅವರ ಉದಾಹರಣೆ ಇಲ್ಲಿ ಸ್ಮರಣೀಯ. ಟೋಕಿಯೋ ಒಲಿಂಪಿಕ್ಸಿನ ಗಾಲ್ಫ್ ಸ್ಪರ್ಧೆ 2021ರ ಆಗಸ್ಟಿನಲ್ಲಿ ನಡೆದಾಗ, ಭಾಗವಹಿಸಿದ 60 ಮಂದಿ ಮಹಿಳೆಯರಲ್ಲಿ ಚೆಂಡನ್ನು ದೂರಕ್ಕೆ ಹೊಡೆಯುವುದರಲ್ಲಿ ಅವರ ಸ್ಥಾನ ಕೊನೆಯ ಸಾಲಿನಲ್ಲಿತ್ತು. ಪಟ್‌ಗಳಲ್ಲಿ ಮಾತ್ರ ಅವರು ಮುಂಚೂಣಿಯಲ್ಲಿದ್ದರು. ನಾಲ್ಕು ಸುತ್ತುಗಳಲ್ಲಿ 269 ಹೊಡೆತಗಳು. ಬೆಳ್ಳಿ, ಕಂಚುಗಳನ್ನು ಹಂಚಿಕೊಂಡವರಿಗಿಂತ ಒಂದೇ ಒಂದು ಹೊಡೆತ ಹೆಚ್ಚಾಗಿ ಅವರು ನಾಲ್ಕನೆಯವರಾದರು. ವೇಗವನ್ನಷ್ಟೇ ತೋರಿಸುವ ಪೆಟ್ಟಿಗೆಯೊಂದೇ ಅವರ ಆಟಕ್ಕೆ ಕನ್ನಡಿಯಾಗಿದ್ದರೆ, ಅದರಲ್ಲಿ ಕಾಣುತ್ತಿದ್ದುದು ಹಿಂದುಳಿದ ಆಟಗಾರ್ತಿಯೊಬ್ಬಳು! ಅದೇ ವೇಳೆ ಬ್ರಾಡಿಯವರ ಲೆಕ್ಕ, ದೀರ್ಘಕಾಲದಲ್ಲಿ ಶ್ರೇಷ್ಠ ವೃತ್ತಿ ಆಟಗಾರರಿಗೂ ಸಾಧಾರಣರಿಗೂ ಇರುವ ಅಂತರದ ಮೂರರಲ್ಲಿ ಎರಡು ಪಾಲು ದೂರದ ಹೊಡೆತಗಳಿಂದ ಬರುವುದೆಂದು ಹೇಳುತ್ತದೆ. ಇವೆರಡೂ ಒಂದಕ್ಕೊಂದು ವಿರುದ್ಧವಲ್ಲ. ಸರಾಸರಿ ಎಂಬುದು ಗುಂಪಿನ ಗುಣ. ಒಬ್ಬ ವ್ಯಕ್ತಿಯ ಬಲವೂ ಕುಂದೂ ಅವನವೇ. ಆಟಗಾರನಿಗೆ ಬೇಕಾದ ಉಪಕರಣ ಗುಂಪಿನ ಕಥೆಯನ್ನಲ್ಲ, ಅವನ ಸ್ವಂತ ಕಥೆಯನ್ನು ಹೇಳುವಂಥದು.

ಹತ್ತು ಹೊಡೆತಗಳ ಸಾಕ್ಷ್ಯ

ಉಪಕರಣ ಎಷ್ಟೇ ನಿಖರವಾಗಿದ್ದರೂ ಆಟಗಾರ ನಿಖರನಲ್ಲ. ಒಬ್ಬನು ಒಂದೇ ದಾಂಡಿನಿಂದ ಹೊಡೆದ ಚೆಂಡುಗಳು ಸರಾಸರಿಯಿಂದ ಹಿಂದಕ್ಕೂ ಮುಂದಕ್ಕೂ ಸಾಮಾನ್ಯವಾಗಿ 15 ಮೀಟರ್ ಹರಡುತ್ತವೆಂದು ಊಹಿಸೋಣ. ಅಂಗಡಿಯಲ್ಲಿ ಹಳೆಯ ದಾಂಡಿನಿಂದ ಹತ್ತು, ಹೊಸದರಿಂದ ಹತ್ತು ಹೊಡೆದು, ಹೊಸದು 5 ಮೀಟರ್ ಹೆಚ್ಚೆಂದು ಪೆಟ್ಟಿಗೆ ತೋರಿಸಿತು. ಕೊಳ್ಳೋಣವೇ? ಸಂಖ್ಯಾಶಾಸ್ತ್ರದ ಪ್ರಕಾರ, ಸರಾಸರಿಯ ಅನಿಶ್ಚಯವು ಹೊಡೆತಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಹತ್ತು ಹೊಡೆತಗಳ ಸರಾಸರಿಯಲ್ಲಿ ಸುಮಾರು ನಾಲ್ಕೂಮುಕ್ಕಾಲು ಮೀಟರ್ ಅನಿಶ್ಚಯ. ಎರಡು ಸರಾಸರಿಗಳ ವ್ಯತ್ಯಾಸದಲ್ಲಿ ಸುಮಾರು ಆರೂಮುಕ್ಕಾಲು. ಕಂಡ ಲಾಭ 5 ಮೀಟರ್, ಅನಿಶ್ಚಯ ಅದಕ್ಕಿಂತ ಹೆಚ್ಚು! ಒಂದೊಂದರಿಂದಲೂ ನಲವತ್ತು ಹೊಡೆದರೂ ಅನಿಶ್ಚಯ ಅರ್ಧಕ್ಕೆ ಇಳಿಯುತ್ತದೆಯೇ ಹೊರತು ಮಾಯವಾಗುವುದಿಲ್ಲ.

2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಆಟಗಾರನ ಮಟ್ಟವನ್ನು ನಿರ್ಣಯಿಸಲು ಅವನ ಕಡೆಯ 20 ಸುತ್ತುಗಳನ್ನು ನೋಡಿ, ಅವುಗಳಲ್ಲಿ ಉತ್ತಮವಾದ 8ರ ಸರಾಸರಿಯನ್ನು ತೆಗೆದುಕೊಳ್ಳುತ್ತದೆ. ಆಟವನ್ನಾಳುವ ಸಂಸ್ಥೆಗಳೇ ಇಪ್ಪತ್ತು ಸುತ್ತುಗಳವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳುವಾಗ, ಎರಡು ಸುತ್ತಿನ ಅಂಕಿ ಅಂಶ ಕಂಡು ಬೀಸುವ ರೀತಿಯನ್ನೇ ಬದಲಿಸುವುದು ಅವಸರವೆನಿಸಿಕೊಳ್ಳುವುದು. ಆದ್ದರಿಂದ ತಿಂಗಳುಗಟ್ಟಲೆ ಬಿಡದೆ ಬಳಸಬಲ್ಲ ಸಾಧಾರಣ ಉಪಕರಣವು, ಎರಡು ವಾರದ ಮೇಲೆ ಮೂಲೆ ಸೇರುವ ಶ್ರೇಷ್ಠ ಉಪಕರಣಕ್ಕಿಂತ ಮೇಲು. ಇದು ಮೂರನೆಯ ಸೂತ್ರ.

ಯಾವುದನ್ನು ಆರಿಸಬೇಕು?

ಹೊಸಬನಿಗೆ ನಮ್ಮ ಸಲಹೆ, ಮೊದಲು ಒಂದು ಜೇಬುಪುಸ್ತಕವನ್ನೂ ಪೆನ್ಸಿಲನ್ನೂ ಕೊಳ್ಳುವುದು. ಪ್ರತಿ ಕುಳಿಯಲ್ಲೂ ಮೊದಲ ಹೊಡೆತ ಎಲ್ಲಿ ಬಿತ್ತು, ಗ್ರೀನನ್ನು ಎಷ್ಟನೆಯ ಹೊಡೆತದಲ್ಲಿ ಮುಟ್ಟಿದೆ, ಮೊದಲ ಪಟ್ ಎಷ್ಟು ಹೆಜ್ಜೆ, ಒಟ್ಟು ಪಟ್ ಎಷ್ಟು ಎಂಬ ನಾಲ್ಕು ಅಂಕಣಗಳನ್ನು ಐದಾರು ಸುತ್ತು ತುಂಬಿದರೆ, ತನ್ನ ಕೊರತೆಯ ಸ್ಥೂಲ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಅನಂತರ ಹಣ ಕೊಡಬೇಕಿಲ್ಲದ ಆ್ಯಪೊಂದನ್ನು ಫೋನಿನಲ್ಲಿ ಹಾಕಿಕೊಂಡು ದೂರಗಳನ್ನು ನೋಡಬಹುದು. ದೂರದ ಅಂದಾಜು ಪದೇ ಪದೇ ತಪ್ಪುತ್ತಿದ್ದರೆ ಮಾತ್ರ ಲೇಸರ್ ಮಾಪಕ. ವಾರಕ್ಕೊಮ್ಮೆಯಾದರೂ ಆಡುವವನಾಗಿ, ಬರೆದುಕೊಳ್ಳುವ ಬೇಸರವೇ ಅಡ್ಡಿಯಾದರೆ ದಾಂಡಿನ ಗುಂಡಿಗಳು. ರೇಡಾರ್ ಪೆಟ್ಟಿಗೆಯನ್ನು ಕೊಳ್ಳುವುದಕ್ಕಿಂತ, ಅದನ್ನಿಟ್ಟಿರುವ ಅಭ್ಯಾಸಕೇಂದ್ರದಲ್ಲಿ ಗಂಟೆಯ ಲೆಕ್ಕದಲ್ಲಿ ಬಳಸುವುದು, ಶಿಕ್ಷಕನ ಸಮ್ಮುಖದಲ್ಲಿ ಬಳಸುವುದು ಹೆಚ್ಚಿನವರಿಗೆ ಲಾಭಕರ. ಏಕೆಂದರೆ ಪರದೆಯ ಮೇಲೆ ವೇಗ ಕಾಣುತ್ತಲೇ ಇನ್ನೂ ಜೋರಾಗಿ ಬೀಸುವ ಹಂಬಲ ಹುಟ್ಟುತ್ತದೆ. ಒಬ್ಬಂಟಿಯಾಗಿರುವವನಿಗೆ ಅಳತೆಯೇ ಗುರಿಯಾಗಿ, ಗುರಿ ಮರೆಯಾಗುತ್ತದೆ.

ಕೆಲವು ಸಣ್ಣ ಸಂಗತಿಗಳನ್ನೂ ಗಮನಿಸಬೇಕು. ಹಲವು ಆ್ಯಪುಗಳಿಗೆ ವರ್ಷವರ್ಷವೂ ಚಂದಾ ಕೊಡಬೇಕು. ನಿಲ್ಲಿಸಿದರೆ ಹಿಂದಿನ ದಾಖಲೆಗಳ ಗತಿಯೇನೆಂದು ಮೊದಲೇ ವಿಚಾರಿಸಿ, ಅವನ್ನು ಹೊರತೆಗೆದು ಇಟ್ಟುಕೊಳ್ಳಲು ಬರುವಂಥದನ್ನೇ ಆರಿಸುವುದು ವಿವೇಕ. ಗಡಿಯಾರದ ವಿದ್ಯುತ್ಕೋಶ ನಾಲ್ಕೈದು ಗಂಟೆಗಳ ಸುತ್ತಿಗೆ ಸಾಲಬೇಕು. ಸ್ಪರ್ಧೆಗಳಲ್ಲಿ ದೂರಮಾಪಕವನ್ನು ಬಳಸಲು 2019ರ ನಿಯಮಾವಳಿ ಸಾಮಾನ್ಯ ಅನುಮತಿಯನ್ನಿತ್ತಿತಾದರೂ, ಸ್ಥಳೀಯ ನಿಯಮದಿಂದ ಅದನ್ನು ತಡೆಯಬಹುದು. ನೆಲದ ಏರುತಗ್ಗುಗಳನ್ನೂ ಗಾಳಿಯ ವೇಗವನ್ನೂ ಅಳೆಯಲು ಅದು ಎಡೆಕೊಡಲಿಲ್ಲ. ಆದ್ದರಿಂದ ಆ ಸೌಲಭ್ಯವಿರುವ ಮಾಪಕದಲ್ಲಿ ಅದನ್ನು ಆರಿಸಿಡಲು ಸಾಧ್ಯವಿರಬೇಕು.

ಕೊನೆಯದಾಗಿ ಒಂದು ಮಾತು. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪನವರು ಮೊದಲು ಕ್ಯಾಡಿಯಾಗಿ, ಎಂದರೆ ಇತರರ ಚೀಲ ಹೊತ್ತು ಮೈದಾನ ಸುತ್ತಿದವರು. ಒಳ್ಳೆಯ ಕ್ಯಾಡಿಗೆ ಮೈದಾನದ ಒಂದೊಂದು ಮರದ ದೂರವೂ, ತನ್ನ ಆಟಗಾರನ ಒಂದೊಂದು ದಾಂಡಿನ ಎಟುಕೂ ಬಾಯಿಪಾಠ. ಸಾವಿರಾರು ಹೊಡೆತಗಳನ್ನು ಕಣ್ಣಾರೆ ಕಂಡು ಹೋಲಿಸಿದುದರಿಂದ ಬರುವ ಜ್ಞಾನವದು. ಉಪಕರಣ ಆ ಜ್ಞಾನವನ್ನು ಬೇಗ ಗಳಿಸಲು ನೆರವಾಗಬಹುದು. ಆಲೋಚಿಸುವ ಕೆಲಸವನ್ನು ನಮ್ಮ ಪರವಾಗಿ ಮಾಡಲಾರದು. "ಈ ಸಂಖ್ಯೆ ತಿಳಿದರೆ ನನ್ನ ಮುಂದಿನ ಹೊಡೆತದಲ್ಲಿ, ನಾಳೆಯ ಅಭ್ಯಾಸದಲ್ಲಿ ನಾನು ಏನನ್ನು ಬದಲಿಸುವೆನು?" ಎಂಬ ಪ್ರಶ್ನೆಗೆ ಉತ್ತರವಿದ್ದರೆ ಕೊಳ್ಳಬಹುದು, ಇಲ್ಲವಾದರೆ ಹಣ ಜೇಬಿನಲ್ಲೇ ಇರಲಿ. ಅಸೂಟಿಯ ಬಯಲಿನಲ್ಲಿ ಅಂಕ ಸಾರಿದ ಹುಡುಗನು ಅಳತೆಗೆ ಹೆದರದೆ ದಾಂಡನ್ನು ಎದುರಾಳಿಯ ಕೈಗೆ ಕೊಡಬೇಕಾಗುತ್ತದೆ. ತನ್ನ ಆಟವನ್ನು ಹಾಗೆ ಅಳತೆಗೆ ಒಡ್ಡಿ, ಬಂದ ಉತ್ತರವನ್ನು ಒಪ್ಪಿಕೊಳ್ಳುವವನಿಗೆ ದಾಂಡೊಂದೇ ಸಾಕು. ಒಪ್ಪದವನಿಗೆ ಉಪಗ್ರಹವೂ ಸಾಲದು.